ಆರೈಕೆಯಲ್ಲೂ ಪಾಲು



1901ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸು ದಾಖಲಾದಳು. ತನ್ನ ಹೆಸರನ್ನು ಪೂರ್ತಿಯಾಗಿ ಬರೆಯಲು ಅವಳಿಗೆ ಆಗುತ್ತಿರಲಿಲ್ಲ. ಆಗತಾನೆ ತಿಂದದ್ದು ಏನೆಂದು ಹೇಳಲೂ ಆಗುತ್ತಿರಲಿಲ್ಲ. ಅವಳನ್ನು ಪರೀಕ್ಷಿಸಿದ ವೈದ್ಯ ಅಲೋಯಿಸ್ ಅಲ್‌ಝೈಮರ್. 1906ರಲ್ಲಿ ಅವಳು ತೀರಿಕೊಂಡ ಮೇಲೆ ಆತ ಅವಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ವಿಕಾರಗಳನ್ನು ಅದೇ ವರ್ಷದ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ವೈದ್ಯರ ಸಭೆಯ ಮುಂದಿಟ್ಟ. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಆ ರೋಗವನ್ನು ಅಲ್‌ಝೈಮರನ ಹೆಸರಿನಿಂದಲೇ ಕರೆದ. ವೈದ್ಯನ ಹೆಸರು ರೋಗಕ್ಕೆ ಬಂತು, ರೋಗಿಯ ಹೆಸರು ವೈದ್ಯಕೀಯದ ಚರಿತ್ರೆಗೆ ಬಂತು. ಅವಳ ಗಂಡ ಕಾರ್ಲ್ ಮಾತ್ರ ಈ ಕಥೆಯಲ್ಲಿ ಆಸ್ಪತ್ರೆಯ ಬಾಗಿಲ ತನಕ ಬಂದು ಮರೆಯಾಗುವ ವ್ಯಕ್ತಿ. ಹೆಂಡತಿಯ ಅನುಮಾನ, ಅವಳು ಬಚ್ಚಿಟ್ಟು ಮರೆತ ವಸ್ತುಗಳು, ನಿದ್ದೆಯಿಲ್ಲದ ರಾತ್ರಿಗಳು, ಇವುಗಳ ನಡುವೆ ಆತ ಹೇಗೆ ದಿನ ದೂಡಿದ ಎಂಬುದನ್ನು ಕೇಳಬೇಕೆಂದು ಬಹುಕಾಲ ಯಾರಿಗೂ ಅನ್ನಿಸಲಿಲ್ಲ. ಇಂದಿನ ನನ್ನ ಮಾತು ಕಾರ್ಲ್ ನಿಂತಿದ್ದ ಜಾಗದಲ್ಲಿ ನಿಂತಿರುವವರ ಕುರಿತದ್ದು.

ಅಂಥವರು ನಮ್ಮ ನಡುವೆ ಎಷ್ಟು ಮಂದಿ ಇರಬಹುದು? ದೇಶದ ಹಿರಿಯರ ಮೇಲೆ ನಡೆದ ದೊಡ್ಡ ಸಮೀಕ್ಷೆಯೊಂದರ ಆಧಾರದಲ್ಲಿ 2023ರಲ್ಲಿ ಪ್ರಕಟವಾದ ಲೆಕ್ಕದಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ, ಎಂದರೆ ನೆನಪು ಮತ್ತು ಬುದ್ಧಿಶಕ್ತಿ ಕುಂದುತ್ತಾ ಹೋಗುವ ಸ್ಥಿತಿ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಅದರ ಪ್ರಮಾಣ ಹೆಚ್ಚು. ಡಿಮೆನ್ಷಿಯಾಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅಲ್‌ಝೈಮರ್ ಕಾಯಿಲೆಯ ಪಾಲು ಶೇ 60ರಿಂದ 70 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಆಡುಮಾತಿನಲ್ಲಿ ಡಿಮೆನ್ಷಿಯಾ ಎಂದರೆ ಮರೆಗುಳಿ ರೋಗ. ಅದಕ್ಕೂ ಹಿಂದಿನ ಮಾತಿನಲ್ಲಿ ಇದು ರೋಗವೇ ಅಲ್ಲ, ಅರವತ್ತಕ್ಕೆ ಅರಳು ಮರಳು ಅಷ್ಟೆ. ಈ 88 ಲಕ್ಷ ಜನರಲ್ಲಿ ಬಹುತೇಕ ಎಲ್ಲರೂ ಮನೆಯಲ್ಲೇ ಇದ್ದಾರೆ. ಎಂದರೆ ಅವರಿಗೆ ಸ್ನಾನ ಮಾಡಿಸುವ, ಉಣ್ಣಿಸುವ, ರಾತ್ರಿ ಬಾಗಿಲ ಚಿಲಕ ತೆಗೆದು ಹೊರಟವರನ್ನು ಹಿಂದಕ್ಕೆ ಕರೆತರುವ ಒಬ್ಬರಾದರೂ ಆ ಮನೆಗಳಲ್ಲಿ ಇದ್ದಾರೆ. ಆ ಒಬ್ಬರ ಸಂಕಟವನ್ನು ತಗ್ಗಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಸಮಾಜ ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಸಹಿಸಿಕೊಳ್ಳಿ. ನನ್ನ ವಾದ ಬೇರೆ. ಈ ಸಂಕಟದ ಬಹುಭಾಗ ಹುಟ್ಟುವುದು ರೋಗದಿಂದಲ್ಲ, ಇಡೀ ಆರೈಕೆ ಒಬ್ಬರ ತಲೆಯ ಮೇಲೆ ಬೀಳುವುದರಿಂದ. ಹಾಗಾಗಿ ಅದಕ್ಕೆ ಮೊದಲ ಮದ್ದು ಆರೈಕೆಯನ್ನು ಪಾಲು ಮಾಡುವುದು. ಇದಕ್ಕೆ ಇರುವ ಪುರಾವೆಗಳನ್ನೂ, ಇದರ ವಿರುದ್ಧ ಎದ್ದುನಿಲ್ಲುವ ಆಕ್ಷೇಪಗಳನ್ನೂ ಒಂದೊಂದಾಗಿ ನೋಡೋಣ.

ಮೊದಲು ಈ ದುಡಿಮೆಯ ಸ್ವರೂಪವನ್ನು ಅರಿಯಬೇಕು. ನಮ್ಮ ಹಿರಿಯರು ಎರಡು ಸಂದರ್ಭಗಳಲ್ಲಿ ಆರೈಕೆಯ ಭಾರವನ್ನು ಹಂಚಿಕೊಳ್ಳುವ ಪದ್ಧತಿಯನ್ನು ಕಟ್ಟಿಟ್ಟಿದ್ದಾರೆ. ಹೆರಿಗೆಯಾದವಳಿಗೆ ಬಾಣಂತನವಿದೆ, ತವರುಮನೆಯಿದೆ, ಎಣ್ಣೆ ನೀರು ಹಾಕಲು ಕೈಪಳಗಿದವರಿದ್ದಾರೆ, ಅದು ಎಷ್ಟು ತಿಂಗಳು ಎಂಬ ಲೆಕ್ಕವಿದೆ. ಸಾವಾದ ಮನೆಯಲ್ಲಿ ಒಲೆ ಹಚ್ಚದಿದ್ದರೆ ಪಕ್ಕದ ಮನೆಯಿಂದ ಅನ್ನ ಬರುತ್ತದೆ, ಹೆಗಲು ಕೊಡಲು ಜನ ಬರುತ್ತಾರೆ, ಇಂತಿಷ್ಟು ದಿನಕ್ಕೆ ಸೂತಕ ಕಳೆಯುತ್ತದೆ. ಹುಟ್ಟು ಮತ್ತು ಸಾವು ಎರಡಕ್ಕೂ ಊರಿನ ಕೈ ಇದೆ. ಅವೆರಡರ ನಡುವೆ ಐದು ವರ್ಷವೋ ಹತ್ತು ವರ್ಷವೋ ನಡೆಯುವ ಮರೆವಿಗೆ ಮಾತ್ರ ಯಾವ ಪದ್ಧತಿಯೂ ಇಲ್ಲ. ಹಿಂದೆ ಇಷ್ಟು ಜನ ಇಷ್ಟು ವಯಸ್ಸಿನ ತನಕ ಬದುಕುತ್ತಿರಲಿಲ್ಲವಾದ್ದರಿಂದ ಅಂಥ ಪದ್ಧತಿ ಬೆಳೆಯುವ ಅಗತ್ಯವೂ ಬಿದ್ದಿರಲಿಲ್ಲ. ಈ ಆರೈಕೆಗೆ ಮುಗಿಯುವ ತಾರೀಕಿಲ್ಲ, ಹಗಲು ರಾತ್ರಿಗಳ ಭೇದವಿಲ್ಲ. ಒಂದೇ ಪ್ರಶ್ನೆಗೆ ಗಂಟೆಗೆ ಇಪ್ಪತ್ತು ಸಲ ಉತ್ತರ ಕೊಡಬೇಕು. ಸಂಜೆಯಾಗುತ್ತಲೇ ಸ್ವಂತ ಮನೆಯಲ್ಲೇ ಕುಳಿತು ಮನೆಗೆ ಹೋಗಬೇಕು ಎಂದು ಹಟ ಹಿಡಿಯುವವರನ್ನು ಸಮಾಧಾನಪಡಿಸಬೇಕು. ಇದರ ಜೊತೆಗೆ, ಎದುರಿಗೇ ಕುಳಿತಿರುವ ಮನುಷ್ಯ ಮೊದಲಿನವನಾಗಿ ಉಳಿದಿಲ್ಲ ಎಂಬ ದುಃಖವೂ ಇದೆ. ಅಮೆರಿಕದ ಕುಟುಂಬಶಾಸ್ತ್ರಜ್ಞೆ ಪಾಲಿನ್ ಬಾಸ್ ಇದನ್ನು ಸ್ಪಷ್ಟ ರೂಪವಿಲ್ಲದ ಅಗಲಿಕೆ ಎಂದು ಗುರುತಿಸಿದರು. ವ್ಯಕ್ತಿ ಇದ್ದಾನೆ, ಆದರೆ ಇಲ್ಲ. ಅಳುವ ಹಾಗಿಲ್ಲ, ಅಳದೆ ಇರುವ ಹಾಗೂ ಇಲ್ಲ. ಇಂಥ ಅಗಲಿಕೆಗೆ ಸಾಂತ್ವನ ಹೇಳಲು ಯಾರೂ ಮನೆಗೆ ಬರುವುದಿಲ್ಲ.

ಈ ಒತ್ತಡ ಬರೀ ಮನಸ್ಸಿನ ಮಾತು ಎಂದುಕೊಂಡವರು ಒಂದು ಗಾಯದ ಕಥೆಯನ್ನು ಕೇಳಬೇಕು. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್ ಗ್ಲೇಸರ್ ಮತ್ತು ಸಂಗಡಿಗರು, ಡಿಮೆನ್ಷಿಯಾ ಇರುವ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನೂ, ಅಂಥ ಹೊಣೆ ಇಲ್ಲದ ಹೆಚ್ಚುಕಡಿಮೆ ಅದೇ ವಯಸ್ಸಿನ 13 ಹೆಂಗಸರನ್ನೂ ಅಧ್ಯಯನಕ್ಕೆ ಆರಿಸಿಕೊಂಡರು. ಎಲ್ಲರ ಚರ್ಮದಲ್ಲೂ 3.5 ಮಿಲಿಮೀಟರ್ ಅಗಲದ ಒಂದೇ ಬಗೆಯ ಸಣ್ಣ ಗಾಯ ಮಾಡಿ, ಅದು ಮಾಯಲು ಹಿಡಿಯುವ ದಿನಗಳನ್ನು ಎಣಿಸಿದರು. ಆರೈಕೆಯಲ್ಲಿದ್ದವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ನಾಲ್ಕು ವರ್ಷಗಳ ಬಳಿಕ, 1999ರಲ್ಲಿ, ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಮತ್ತೊಂದು ಅಧ್ಯಯನವನ್ನು ಪ್ರಕಟಿಸಿದರು. ಅಶಕ್ತ ಸಂಗಾತಿಯ ಆರೈಕೆಯಲ್ಲಿದ್ದು ಅದರಿಂದ ಬಳಲಿದ್ದೇವೆ ಎಂದ ವೃದ್ಧರಲ್ಲಿ, ಅಂಥ ಹೊಣೆ ಇಲ್ಲದವರಿಗೆ ಹೋಲಿಸಿದರೆ, ನಾಲ್ಕು ವರ್ಷಗಳಲ್ಲಿ ಸಾವಿನ ಸಂಭವ ಶೇ 63ರಷ್ಟು ಹೆಚ್ಚಿತ್ತು. ಈ ಅಂಕಿಯನ್ನು ಹಲವರು ಉಲ್ಲೇಖಿಸುತ್ತಾರೆ, ಅದರ ಜೊತೆಗಿದ್ದ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ. ಆರೈಕೆ ಮಾಡುತ್ತಿದ್ದರೂ ಬಳಲಿಕೆ ಇಲ್ಲ ಎಂದವರಲ್ಲಿ ಸಾವಿನ ಸಂಭವ ಹಾಗೆ ಏರಿರಲಿಲ್ಲ. ನನ್ನ ವಾದಕ್ಕೆ ಆಧಾರವಾಗುವುದು ಈ ಎರಡನೆಯ ಮಾತು. ಆರೈಕೆಯೇ ಮನುಷ್ಯನನ್ನು ಸವೆಸುವುದಾಗಿದ್ದರೆ ಮಾಡಿದವರೆಲ್ಲ ಸವೆಯಬೇಕಿತ್ತು. ಹಾಗಾಗಿಲ್ಲ. ಒಂದೇ ಕೆಲಸ ಒಬ್ಬರನ್ನು ಸವೆಸುತ್ತದೆ, ಇನ್ನೊಬ್ಬರನ್ನು ಸವೆಸುವುದಿಲ್ಲ ಎಂದಾದರೆ, ವ್ಯತ್ಯಾಸ ಎಲ್ಲಿದೆ ಎಂದು ಹುಡುಕಬೇಕು.

ಆ ಹುಡುಕಾಟ 1980ರಲ್ಲೇ ಆರಂಭವಾಗಿತ್ತು. ಸ್ಟೀವನ್ ಜರಿಟ್ ಮತ್ತು ಸಹೋದ್ಯೋಗಿಗಳು ಆರೈಕೆ ಮಾಡುವವರ ಭಾರವನ್ನು ಅಳೆಯಲು ಒಂದು ಪ್ರಶ್ನಾವಳಿ ರಚಿಸಿದರು. ಅದರ 22 ಪ್ರಶ್ನೆಗಳ ರೂಪ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ರೋಗ ಮುಂದುವರಿದಷ್ಟೂ, ರೋಗಿಯ ಕಾಟ ಹೆಚ್ಚಿದಷ್ಟೂ ಭಾರ ಹೆಚ್ಚುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಅವರು ಮಾತನಾಡಿಸಿದ 29 ಮಂದಿಯಲ್ಲಿ ಹಾಗೆ ಕಾಣಲಿಲ್ಲ. ಭಾರದ ಏರಿಳಿತಕ್ಕೆ ನಂಟಿದ್ದದ್ದು ಒಂದು ಸಂಗತಿಗೆ ಮಾತ್ರ: ಬೇರೆ ಬಂಧುಗಳು ರೋಗಿಯನ್ನು ನೋಡಲು ಎಷ್ಟು ಸಲ ಬರುತ್ತಾರೆ ಎಂಬುದಕ್ಕೆ. ಹೆಚ್ಚು ಜನ ಬಂದುಹೋಗುವ ಮನೆಯಲ್ಲಿ ಭಾರ ಕಡಿಮೆ, ಯಾರೂ ಬಾರದ ಮನೆಯಲ್ಲಿ ಹೆಚ್ಚು. ಇದು ಸಣ್ಣ ಅಧ್ಯಯನ, ಇದೊಂದರ ಮೇಲೆ ದೊಡ್ಡ ತೀರ್ಮಾನವನ್ನು ನಿಲ್ಲಿಸಲಾಗದು. ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ರೋಗಿಯ ಅನುಮಾನ, ರೇಗಾಟ, ರಾತ್ರಿ ಎಚ್ಚರಗಳೂ ಆರೈಕೆ ಮಾಡುವವರನ್ನು ಬಹಳವಾಗಿ ಕುಗ್ಗಿಸುತ್ತವೆ ಎಂಬುದು ಸ್ಪಷ್ಟವಾಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸಣ್ಣ ಅಧ್ಯಯನ ಒಂದು ಬಾಗಿಲನ್ನು ತೆರೆಯಿತು. ರೋಗವನ್ನು ಬದಲಿಸಲಾಗದಿದ್ದರೂ ಆರೈಕೆ ಮಾಡುವವರ ಸುತ್ತಲಿನ ಏಕಾಂತವನ್ನು ಬದಲಿಸಬಹುದಲ್ಲವೇ, ಬದಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ದಾರಿಯಾಯಿತು.

ಅದನ್ನು ಬದಲಿಸಿ ನೋಡಿದ ಪ್ರಯೋಗಗಳಲ್ಲಿ ಮೂರನ್ನು ಹೇಳುತ್ತೇನೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟಲ್‌ಮನ್ ಮತ್ತು ತಂಡದವರು ಅಲ್‌ಝೈಮರ್ ರೋಗಿಗಳ ಸಂಗಾತಿಗಳಾದ 406 ಮಂದಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅರ್ಧದಷ್ಟು ಜನರಿಗೆ ಎಂದಿನ ನೆರವು, ಉಳಿದವರಿಗೆ ವಿಶೇಷ ನೆರವು ಸಿಕ್ಕಿತು. ಆ ವಿಶೇಷ ನೆರವಿನಲ್ಲಿ ಆಪ್ತಸಮಾಲೋಚನೆಯ ಆರು ಬೈಠಕ್ಕುಗಳಿದ್ದವು. ಎರಡು ಆರೈಕೆ ಮಾಡುವವರೊಬ್ಬರ ಜೊತೆಗೆ, ನಾಲ್ಕು ಇಡೀ ಕುಟುಂಬದ ಜೊತೆಗೆ. ಬಳಿಕ ಬೆಂಬಲ ಗುಂಪು, ಬೇಕೆಂದಾಗ ಫೋನಿನಲ್ಲಿ ಸಲಹೆ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ನೆರವು ಪಡೆದವರು ತಮ್ಮ ಸಂಗಾತಿಯನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ ಅವಧಿ 557 ದಿನ, ಅಂದರೆ ಸುಮಾರು ಒಂದೂವರೆ ವರ್ಷ ಹೆಚ್ಚಿತು. ಆರರಲ್ಲಿ ನಾಲ್ಕು ಬೈಠಕ್ಕುಗಳು ಮಿಕ್ಕ ಬಂಧುಗಳನ್ನು ಕೂರಿಸಿಕೊಂಡು ನಡೆದವು ಎಂಬುದನ್ನು ಗಮನಿಸಬೇಕು. ಎರಡನೆಯದು ಇಂಗ್ಲೆಂಡಿನದು. ಅಲ್ಲಿ 260 ಮಂದಿಯನ್ನು ಒಳಗೊಂಡ ಪ್ರಯೋಗದಲ್ಲಿ, ಮನಶ್ಶಾಸ್ತ್ರದ ಪದವೀಧರರು ಎಂಟು ಸಲ ಭೇಟಿಯಾಗಿ, ರೋಗಿಯ ವರ್ತನೆಯನ್ನು ಅರ್ಥಮಾಡಿಕೊಳ್ಳುವ, ನೆರವು ಕೇಳುವ, ಮನಸ್ಸನ್ನು ಹಗುರಮಾಡಿಕೊಳ್ಳುವ ವಿಧಾನಗಳನ್ನು ಕಲಿಸಿದರು. ಆರೈಕೆ ಮಾಡುವವರ ಖಿನ್ನತೆ ತಗ್ಗಿತು, ಆರು ವರ್ಷದ ಬಳಿಕ ನೋಡಿದಾಗಲೂ ಆ ಲಾಭ ಉಳಿದಿತ್ತು. ಮೂರನೆಯದು ನಮ್ಮ ನೆರೆಯ ಗೋವಾದ್ದು. 2008ರಲ್ಲಿ ಅಮಿತ್ ಡಯಾಸ್, ವಿಕ್ರಮ್ ಪಟೇಲ್ ಮೊದಲಾದವರು ಪ್ರಕಟಿಸಿದ ಈ ಪ್ರಯೋಗದಲ್ಲಿ 81 ಕುಟುಂಬಗಳಿದ್ದವು. ವೈದ್ಯರೂ ಅಲ್ಲದ, ದಾದಿಯರೂ ಅಲ್ಲದ ಸ್ಥಳೀಯರಿಗೆ ಒಂದಿಷ್ಟು ತರಬೇತಿ ಕೊಟ್ಟು, ಹದಿನೈದು ದಿನಕ್ಕೊಮ್ಮೆಯಾದರೂ ಮನೆಗೆ ಕಳಿಸಲಾಯಿತು. ಆರು ತಿಂಗಳಲ್ಲಿ ರೋಗಿಗಳ ವರ್ತನೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಮಾತ್ರ ಸ್ಪಷ್ಟವಾಗಿ ಸುಧಾರಿಸಿತು. ರೋಗ ಇದ್ದ ಹಾಗೆಯೇ ಇತ್ತು, ನೋಡಿಕೊಳ್ಳುವವರ ಸಂಕಟ ಇಳಿಯಿತು. ಎರಡೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ನಮಗೆ ಬೇಡ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇವೆಲ್ಲ ಒಂಟಿ ಮನೆಗಳ ಸಮಸ್ಯೆ, ಕೂಡುಕುಟುಂಬವಿದ್ದರೆ ಹಂಚಿಕೆ ತಾನಾಗಿ ಆಗುತ್ತದೆ ಎನ್ನುವ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರು 10/66 ಎಂಬ ಹೆಸರಿನ ಬಳಗವನ್ನು ಕಟ್ಟಿದರು. ಡಿಮೆನ್ಷಿಯಾ ಇರುವವರಲ್ಲಿ ಶೇ 66ರಷ್ಟು ಜನ ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿದ್ದರೂ ಸಂಶೋಧನೆಯ ಶೇ 10ಕ್ಕಿಂತ ಕಡಿಮೆ ಅಲ್ಲಿ ನಡೆಯುತ್ತದೆ ಎಂಬುದು ಆ ಹೆಸರಿನ ಅರ್ಥ. 2004ರಲ್ಲಿ ಈ ಬಳಗ ಅಂಥ ದೇಶಗಳ 706 ಆರೈಕೆದಾರರ ಸ್ಥಿತಿಯನ್ನು ವರದಿ ಮಾಡಿತು. ದೊಡ್ಡ ಕುಟುಂಬದಲ್ಲಿದ್ದವರಿಗೆ ಒತ್ತಡ ತುಸು ಕಡಿಮೆ ಇತ್ತು, ನಿಜ. ಆದರೆ ಒಟ್ಟಾರೆ ನೋಡಿದರೆ ಅವರ ಒತ್ತಡ ಶ್ರೀಮಂತ ದೇಶಗಳ ಆರೈಕೆದಾರರಿಗಿಂತ ಕಡಿಮೆಯೇನೂ ಇರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹತ್ತು ಜನರಿರುವ ಮನೆಯಲ್ಲೂ ಮೈ ತೊಳೆಸುವವಳು ಒಬ್ಬಳೇ. ಕೇರಳದ ತ್ರಿಶೂರಿನಲ್ಲಿ ಕೆ. ಎಸ್. ಶಾಜಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಆರೈಕೆ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲಿ ಬಹಳಷ್ಟು ಮಂದಿ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಸೊಸೆಯರು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗುವ ಹೆಂಗಸು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾಳೆ, ಗಂಡಸು 97 ನಿಮಿಷ. ಒಂದೇ ಸೂರಿನ ಕೆಳಗೆ ಇರುವುದೂ ಒಂದೇ ನೊಗಕ್ಕೆ ಹೆಗಲು ಕೊಡುವುದೂ ಒಂದೇ ಅಲ್ಲ.

ಕೂಡುಕುಟುಂಬ ಮತ್ತು ನೆರೆಹೊರೆ ಎರಡೂ ಸೇರಿ ಈ ಒತ್ತಡವನ್ನು ಹೆಚ್ಚಿಸಿದ ಉದಾಹರಣೆಯೂ ಇದೆ. ವಿಕ್ರಮ್ ಪಟೇಲ್ ಮತ್ತು ಮಾರ್ಟಿನ್ ಪ್ರಿನ್ಸ್ ಗೋವಾದಲ್ಲಿ ಜನರನ್ನು ಮಾತನಾಡಿಸಿ 2001ರಲ್ಲಿ ಬರೆದ ಲೇಖನದಲ್ಲಿ, ಮರೆವಿನ ಕಾಯಿಲೆಯನ್ನು ಜನ ಮುಪ್ಪಿನ ಸಹಜ ಲಕ್ಷಣ ಎಂದೋ, ಮಕ್ಕಳು ಪ್ರೀತಿಯಿಂದ ನೋಡಿಕೊಳ್ಳದ್ದರ ಫಲ ಎಂದೋ ತಿಳಿಯುತ್ತಾರೆ ಎಂಬ ಸಂಗತಿ ಬರುತ್ತದೆ. ನಮ್ಮ ಊರುಗಳಲ್ಲಿ ಇದರ ರೂಪ ಎಲ್ಲರಿಗೂ ಗೊತ್ತು. ಊಟ ಮುಗಿಸಿದ ಅತ್ತೆ ಅರ್ಧ ಗಂಟೆಯ ಮೇಲೆ ಜಗುಲಿಗೆ ಬಂದು, ಬೆಳಗಿನಿಂದ ನನಗೆ ತುತ್ತು ಅನ್ನ ಹಾಕಿಲ್ಲ ಎನ್ನುತ್ತಾಳೆ. ತಾನೇ ಬಚ್ಚಿಟ್ಟು ಮರೆತ ಸರವನ್ನು ಸೊಸೆ ಕದ್ದಳು ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಹೊಸ ಅನುಭವವನ್ನು ನೆನಪಾಗಿ ದಾಖಲಿಸುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಅಲ್‌ಝೈಮರ್ ಕಾಯಿಲೆಯಲ್ಲಿ ಬಹಳ ಬೇಗ ಪೆಟ್ಟು ಬೀಳುತ್ತದೆ. ಊಟ ನಡೆದದ್ದು ಅಲ್ಲಿ ದಾಖಲಾಗಿಯೇ ಇಲ್ಲ. ಸರ ಕಾಣದಿದ್ದಾಗ ಮನಸ್ಸು ಆ ಖಾಲಿ ಜಾಗಕ್ಕೆ ಒಂದು ಕಾರಣವನ್ನು ತುಂಬಿಕೊಳ್ಳುತ್ತದೆ. ಇದು ತಿಳಿಯದ ನೆಂಟರು ಸೊಸೆಯನ್ನು ದೂರುತ್ತಾರೆ, ಇದು ತಿಳಿಯದ ಸೊಸೆ ಅತ್ತೆ ಬೇಕೆಂತಲೇ ಹೀಗೆ ಮಾಡುತ್ತಾಳೆ ಎಂದುಕೊಳ್ಳುತ್ತಾಳೆ. ಹಂಚಿಕೊಳ್ಳಬೇಕಾದದ್ದು ಕೆಲಸ ಒಂದೇ ಅಲ್ಲ, ಈ ತಿಳಿವಳಿಕೆಯೂ ಹೌದು. ರೋಗವೆಂದು ಹೆಸರಿಟ್ಟು ಇಡೀ ಮನೆಗೆ, ಅಕ್ಕಪಕ್ಕದವರಿಗೆ ವೈದ್ಯರಿಂದಲೇ ಹೇಳಿಸಿದ ದಿನ ಆರೈಕೆ ಮಾಡುವವರ ಎದೆಯ ಮೇಲಿನ ದೊಡ್ಡ ಕಲ್ಲೊಂದು ಇಳಿಯುತ್ತದೆ. 2016ರಲ್ಲಿ ಬಂದ ಗೋಧಿ ಬಣ್ಣ ಸಾಧಾರಣ ಮೈಕಟ್ಟು ಚಿತ್ರದಲ್ಲಿ ಅನಂತ್ ನಾಗ್ ಅವರ ಪಾತ್ರದ ಮೂಲಕ ಈ ಕಾಯಿಲೆ ಕನ್ನಡಿಗರ ಮನೆಮಾತಾಯಿತು. ಸಿನಿಮಾ ತೆರೆದ ಆ ಮಾತನ್ನು ಆಸ್ಪತ್ರೆ, ಶಾಲೆ, ಗ್ರಾಮಸಭೆಗಳು ಮುಂದುವರಿಸಬೇಕಿತ್ತು.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ತಂದೆ ತಾಯಿಯ ಸೇವೆ ಋಣ ತೀರಿಸುವ ಕಾರ್ಯ, ಅದನ್ನು ಒತ್ತಡ, ಭಾರ ಎಂದು ಅಳೆಯುವುದೇ ತಪ್ಪು ಎನ್ನುವ ಆಕ್ಷೇಪ. ಋಣದ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಮಾತಿನ ತರ್ಕವನ್ನೇ ಹಿಡಿದು ಕೇಳೋಣ: ಋಣ ಯಾರದ್ದು? ತಾಯಿಯ ಋಣ ಅವಳು ಹೆತ್ತ ಮಕ್ಕಳೆಲ್ಲರದ್ದು. ಅದನ್ನು ತೀರಿಸುತ್ತಿರುವುದು ಮಾತ್ರ ಅವಳು ಹೆರದ ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಒಬ್ಬ ಮಗಳು. ಕಾನೂನನ್ನು ನೋಡಿದರೆ ಈ ವಿಚಿತ್ರ ಇನ್ನಷ್ಟು ಎದ್ದುಕಾಣುತ್ತದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು, 2005ರ ತಿದ್ದುಪಡಿಯಿಂದ ಅದು ಇಡೀ ದೇಶದ ಕಾನೂನಾಯಿತು. 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಜೀವನಾಂಶದ ಹೊಣೆಯನ್ನು ಮಗ, ಮಗಳು, ಮೊಮ್ಮಗ, ಮೊಮ್ಮಗಳ ಮೇಲೆ ಹೊರಿಸಿತು. ಆ ಪಟ್ಟಿಯಲ್ಲಿ ಸೊಸೆ ಇರಲಿಲ್ಲ. ಮಕ್ಕಳಿಲ್ಲದ ಹಿರಿಯರ ವಿಷಯದಲ್ಲಿ ಅದೇ ಕಾಯ್ದೆ ಇನ್ನೊಂದು ಮಾತನ್ನು ಹೇಳುತ್ತದೆ: ಆಸ್ತಿಗೆ ಹಕ್ಕುದಾರರು ಹಲವರಿದ್ದರೆ, ಯಾರಿಗೆ ಎಷ್ಟು ಪಾಲು ಬರುವುದೋ ಅಷ್ಟೇ ಪ್ರಮಾಣದಲ್ಲಿ ಜೀವನಾಂಶದ ಹೊಣೆ. ಇದು ನ್ಯಾಯವಾದ ತತ್ವ. ಆದರೆ ಕಾಯ್ದೆ ಇದನ್ನು ಹಣಕ್ಕೆ ಮಾತ್ರ ಅನ್ವಯಿಸುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆಯ ಬಟ್ಟೆ ಬದಲಿಸುವ ಕೈಗಳ ಲೆಕ್ಕ ಜೀವನಾಂಶದ ದೂರು ಕೇಳುವ ಯಾವ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೂ ಹೋಗುವುದಿಲ್ಲ. ಹೊಲ ಭಾಗ ಮಾಡುವಾಗ ಗುಂಟೆಗೂ ಲೆಕ್ಕವಿಡುವ ನಾವು ತಾಯಿಯ ರಾತ್ರಿಗಳನ್ನು ಭಾಗ ಮಾಡುವುದಿಲ್ಲ. ಸೇವೆ ಪವಿತ್ರ ಎನ್ನುವವರು ಆ ಪವಿತ್ರ ಕಾರ್ಯದಲ್ಲಿ ತಮ್ಮ ಪಾಲನ್ನು ಕೇಳಿ ಪಡೆಯಬೇಕು. ಬಿಟ್ಟುಕೊಟ್ಟರೆ ಆ ಪಾವಿತ್ರ್ಯ ಬಾಯಿಮಾತಾಗಿ ಉಳಿಯುತ್ತದೆ.

ಮೂರನೆಯ ಆಕ್ಷೇಪ ವೈಯಕ್ತಿಕ ಉಪಾಯಗಳ ಪರವಾದದ್ದು. ಯೋಗ, ಧ್ಯಾನ, ಪ್ರಾಣಾಯಾಮ, ದೇವರ ನಾಮ, ಬೆಳಗಿನ ನಡಿಗೆ ಇವುಗಳಿಂದ ಒತ್ತಡ ಇಳಿಯುತ್ತದಲ್ಲ, ಬೇರೆಯವರನ್ನು ಏಕೆ ಕಾಯಬೇಕು? ಇವುಗಳಿಂದ ಉಪಯೋಗವಿದೆ. ಕೌಶಲ ಕಲಿಯುವುದರಿಂದಂತೂ ಖಂಡಿತ ಉಪಯೋಗವಿದೆ, ಇಂಗ್ಲೆಂಡಿನ ಪ್ರಯೋಗ ಅದನ್ನೇ ಹೇಳುತ್ತದೆ. ರೋಗಿಯ ತಪ್ಪನ್ನು ತಿದ್ದಲು ವಾದಕ್ಕಿಳಿಯದೆ ಮಾತನ್ನು ಬೇರೆಡೆ ತಿರುಗಿಸುವುದು, ಊಟ ಸ್ನಾನಗಳಿಗೆ ದಿನವೂ ಒಂದೇ ಹೊತ್ತನ್ನು ಕಾಪಾಡುವುದು, ಒಮ್ಮೆಗೆ ಒಂದೇ ಸಣ್ಣ ಮಾತು ಹೇಳುವುದು, ಸಂಜೆ ದೀಪವನ್ನು ಬೇಗ ಹಚ್ಚಿ ಮನೆಯನ್ನು ಬೆಳಕಾಗಿಡುವುದು, ಇವೆಲ್ಲ ದಿನದ ಜಗಳಗಳನ್ನು ತಗ್ಗಿಸುತ್ತವೆ. ಆದರೆ ಧ್ಯಾನಕ್ಕೆ ಅರ್ಧ ಗಂಟೆ ಕುಳಿತುಕೊಳ್ಳಬೇಕಾದರೆ ಆ ಅರ್ಧ ಗಂಟೆ ರೋಗಿಯ ಬಳಿ ಇನ್ನೊಬ್ಬರು ಇರಬೇಕು. ನಡಿಗೆಗೆ ಹೋಗಬೇಕಾದರೆ ಬಾಗಿಲು ಕಾಯುವವರು ಬೇಕು. ಎಂಟು ಗಂಟೆಯ ನಿದ್ದೆ ಮಾಡಿ ಎಂದು ವೈದ್ಯರು ಬರೆದುಕೊಟ್ಟರೆ ಆ ಚೀಟಿಯನ್ನು ಪೂರೈಸುವುದು ಔಷಧಿ ಅಂಗಡಿಯಲ್ಲ, ರಾತ್ರಿ ಪಾಳಿಗೆ ಬರುವ ತಮ್ಮನೋ ತಂಗಿಯೋ. ವೈಯಕ್ತಿಕ ಉಪಾಯಗಳೆಲ್ಲ ಹಂಚಿಕೆಯ ನೆಲದ ಮೇಲೆ ಮಾತ್ರ ಬೆಳೆಯುತ್ತವೆ. ಆ ನೆಲವನ್ನು ಕೊಡದೆ ಮನಸ್ಸನ್ನು ಶಾಂತವಾಗಿಟ್ಟುಕೊಳ್ಳಿ ಎಂದು ಬೋಧಿಸಿದರೆ, ಆರೈಕೆ ಮಾಡುವವರ ತಲೆಯ ಮೇಲೆ ಇನ್ನೊಂದು ಕರ್ತವ್ಯವನ್ನು ಹೇರಿದಂತಾಗುತ್ತದೆ. ಶಾಂತಿ ಸಿಗದಿದ್ದರೆ ಅದೂ ಅವರದೇ ಸೋಲಾಗಿ ಕಾಣುತ್ತದೆ.

ನಾಲ್ಕನೆಯದು ಹಣದ ಆಕ್ಷೇಪ. ಕೈಯಲ್ಲಿ ಹಣವಿದ್ದವರು ಆಳು ಇಟ್ಟುಕೊಳ್ಳಲಿ, ಆರೈಕೆ ಕೇಂದ್ರಕ್ಕೆ ಸೇರಿಸಲಿ, ಇಲ್ಲದವರಿಗೆ ಬಡ ಸರ್ಕಾರ ಏನು ಮಾಡಲು ಸಾಧ್ಯ ಎನ್ನುತ್ತಾರೆ. ಕೆಲವು ಹಂತಗಳಲ್ಲಿ ಆರೈಕೆ ಕೇಂದ್ರ ಅನಿವಾರ್ಯ, ಅಲ್ಲಿಗೆ ಸೇರಿಸಿದವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ನಡೆಸುವ ಹಗಲು ಆರೈಕೆ ಕೇಂದ್ರಗಳು ನೂರಾರು ಮನೆಗಳಿಗೆ ಹಗಲಿನ ಕೆಲವು ಗಂಟೆಗಳ ಬಿಡುವನ್ನು ಕೊಟ್ಟಿವೆ. ಆದರೆ ಈ ರೋಗ ಹೆಚ್ಚಿರುವುದು ಹಳ್ಳಿಗಳಲ್ಲಿ, ಇಂಥ ಕೇಂದ್ರಗಳಿರುವುದು ನಗರಗಳಲ್ಲಿ. ಹೆತ್ತವರ ಸೇವೆಯನ್ನು ನಮ್ಮಷ್ಟೇ ಗೌರವಿಸುವ, ಆ ಹೊಣೆಯನ್ನು ನಮ್ಮಂತೆಯೇ ಸೊಸೆಯ ಮೇಲೆ ಹೊರಿಸಿದ್ದ ಜಪಾನ್ 2000ದಲ್ಲಿ ದೀರ್ಘಾವಧಿ ಆರೈಕೆಯ ವಿಮೆಯನ್ನು ಜಾರಿಗೆ ತಂದಿತು. 40 ದಾಟಿದ ಪ್ರತಿಯೊಬ್ಬರೂ ಅದಕ್ಕೆ ಕಂತು ಕಟ್ಟುತ್ತಾರೆ. ವಿಮೆಯ ಹಣದ ಅರ್ಧ ಈ ಕಂತುಗಳಿಂದ, ಉಳಿದರ್ಧ ತೆರಿಗೆಯ ಹಣದಿಂದ ಬರುತ್ತದೆ. ಹಗಲು ಆರೈಕೆ, ಕೆಲವು ದಿನಗಳ ತಂಗುವಿಕೆ, ಮನೆಗೆ ಬರುವ ಸಹಾಯಕರು, ಎಲ್ಲವೂ ಅದರಡಿ ಸಿಗುತ್ತವೆ. ನಾವು ನಾಳೆಯೇ ಜಪಾನ್ ಆಗಲಾರೆವು, ಒಪ್ಪುತ್ತೇನೆ. ಆದರೆ ಕಡಿಮೆ ಖರ್ಚಿನ ದಾರಿ ನಮ್ಮ ದೇಶದಲ್ಲೇ ಇದೆ. ಗೋವಾದ ಪ್ರಯೋಗ ನಡೆದದ್ದು ಸ್ಥಳೀಯರ ಕೈಯಲ್ಲಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರ ಆಶ್ವಾಸಕಿರಣಂ ಯೋಜನೆಯಡಿ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ಮೊತ್ತ ಸಣ್ಣದು, ಆರೈಕೆಯೂ ದುಡಿಮೆ ಎಂದು ಸರ್ಕಾರವೊಂದು ಒಪ್ಪಿದ್ದು ದೊಡ್ಡದು. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ಆದರೆ ಆ ಕಾಯ್ದೆಯ ಅನುಸೂಚಿಯಲ್ಲಿ ಡಿಮೆನ್ಷಿಯಾದ ಹೆಸರಿಲ್ಲ.

ಹಾಗಾದರೆ ಏನು ಮಾಡಬೇಕು? ಮನೆಯಿಂದ ಆರಂಭಿಸೋಣ. ರೋಗ ಖಚಿತವಾದ ತಿಂಗಳೊಳಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ದೊಡ್ಡವರಾದ ಮೊಮ್ಮಕ್ಕಳು ಒಟ್ಟಿಗೆ ಕೂರಬೇಕು. ಇಪ್ಪತ್ತನಾಲ್ಕು ಗಂಟೆಗಳ ಕೆಲಸವನ್ನು ಹಾಳೆಯ ಮೇಲೆ ಬರೆಯಬೇಕು: ಸ್ನಾನ, ಊಟ, ಶೌಚ, ಮಾತ್ರೆ, ರಾತ್ರಿ ಕಾವಲು, ಆಸ್ಪತ್ರೆ, ಬ್ಯಾಂಕು, ಔಷಧಿಯ ಖರ್ಚು. ಒಂದೊಂದರ ಎದುರಿಗೂ ಒಂದು ಹೆಸರು ಬೀಳಬೇಕು. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗ ಸ್ನಾನ ಮಾಡಿಸಲಾರ, ಸರಿ. ಅವನು ರಾತ್ರಿ ಪಾಳಿಯ ಸಹಾಯಕಿಯ ಸಂಬಳ ಕೊಡಲಿ, ಲೆಕ್ಕಪತ್ರ ನೋಡಿಕೊಳ್ಳಲಿ, ವರ್ಷದ ರಜೆಯಲ್ಲಿ ಬಂದಾಗ ಇಡೀ ಹೊಣೆಯನ್ನು ತಾನು ಹೊತ್ತು ಅಕ್ಕನನ್ನೋ ಅತ್ತಿಗೆಯನ್ನೋ ತವರಿಗೆ, ಪ್ರವಾಸಕ್ಕೆ ಕಳಿಸಲಿ. ಕೆಲಸದ ಪಾಲು ಹೊರದವರು ಫೋನಿನಲ್ಲಿ ಸಲಹೆಯ ಪಾಲು ಕೇಳಬಾರದು. ನೆರೆಹೊರೆಗೂ ಇದರಲ್ಲಿ ಜಾಗವಿದೆ. ನಮ್ಮ ರೈತರಿಗೆ ಮುಯ್ಯಾಳು ಪದ್ಧತಿ ಗೊತ್ತು: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇಂಥ ರೋಗಿಗಳಿರುವ ಎರಡು ಮೂರು ಮನೆಗಳು ವಾರಕ್ಕೊಂದು ಮಧ್ಯಾಹ್ನವನ್ನು ಹೀಗೆ ಮುಯ್ಯಿ ಮಾಡಿಕೊಂಡರೆ, ಒಬ್ಬರು ಕೂತಿರುವಾಗ ಇನ್ನೊಬ್ಬರು ನಿದ್ದೆ ಮಾಡಬಹುದು. ಆರೈಕೆ ಮಾಡುವವರು ತಮ್ಮ ಮೇಲೂ ಕಣ್ಣಿಡಬೇಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸ್ವಂತ ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ನುಂಗಲು ಮರೆಯುತ್ತಿದ್ದರೆ, ರೋಗಿಯ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ, ಅದು ಕೆಟ್ಟತನದ ಗುರುತಲ್ಲ, ಭಾರ ಮಿತಿ ಮೀರಿದ್ದರ ಗುರುತು. ಅಂಥ ದಿನ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಸರ್ಕಾರಕ್ಕೂ ಒಂದು ಪಾಲಿದೆ. ಕರ್ನಾಟಕದಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಕಡಿಮೆಯಿಲ್ಲ. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ರಾಷ್ಟ್ರೀಯ ಸಂಸ್ಥೆಯಾದ ನಿಮ್ಹಾನ್ಸ್ ಇಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮುಪ್ಪು ಮತ್ತು ನೆನಪಿನ ಮೇಲೆ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. 2022ರಲ್ಲಿ ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯದ ಮಿದುಳು ಆರೋಗ್ಯ ಕಾರ್ಯಕ್ರಮವೂ ಆರಂಭವಾಯಿತು. ರೋಗ ಪತ್ತೆಯ ಈ ಕೆಲಸಕ್ಕೆ ಆರೈಕೆ ಮಾಡುವವರನ್ನು ಕೈಹಿಡಿಯುವ ಕೆಲಸ ಸೇರಬೇಕು. ಗೋವಾದ ಮಾದರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವ ತರಬೇತಾದ ಒಬ್ಬರು, ತಾಲೂಕಿಗೊಂದು ಹಗಲು ಆರೈಕೆ ಕೇಂದ್ರ, ಆರೈಕೆದಾರರಿಗೆ ಭತ್ಯೆ, ಈ ಮೂರನ್ನು ನಾನು ಕೇಳುತ್ತೇನೆ. ಈ ಮನೆಭೇಟಿಯ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ಹೆಗಲಿಗೇ ಏರಿಸಿದರೆ ಒಬ್ಬ ಹೆಂಗಸಿನ ಭಾರವನ್ನು ಇನ್ನೊಬ್ಬ ಹೆಂಗಸಿಗೆ ದಾಟಿಸಿದಂತಾಗುತ್ತದೆ. ಹೊಸ ಕೆಲಸಕ್ಕೆ ಹೊಸಬರನ್ನು, ಸರಿಯಾದ ಸಂಬಳದ ಮೇಲೆ ನೇಮಿಸಬೇಕು.

ದತ್ತಿಯೊಂದರ ಹೆಸರಿನಲ್ಲಿ ನಾವು ಇಲ್ಲಿ ಸೇರಿದ್ದೇವೆ. ಆ ದತ್ತಿ ಎಂಬ ಪದದಲ್ಲೇ ನನ್ನ ವಾದದ ಸಾರವಿದೆ. ಒಬ್ಬರ ಕಾಲದಲ್ಲಿ ಮುಗಿಯದ ಕೆಲಸವನ್ನು ಹಲವರ ಕೈಗೆ ಒಪ್ಪಿಸಿ, ಅದು ನಿಲ್ಲದಂತೆ ಏರ್ಪಾಡು ಮಾಡುವುದು ದತ್ತಿ. ಮರೆವಿನ ರೋಗಿಯ ಆರೈಕೆಯೂ ಒಬ್ಬರ ಶಕ್ತಿಯಲ್ಲಿ ಮುಗಿಯುವ ಕೆಲಸವಲ್ಲ. ಈ ಸಭೆಯಲ್ಲಿರುವ ಪ್ರತಿಯೊಬ್ಬರ ಬಳಗದಲ್ಲೂ ಅಂಥದೊಂದು ಮನೆ ಇರಬಹುದು. ಆ ಮನೆಗೆ ಫೋನ್ ಮಾಡಿದಾಗ ರೋಗಿ ಹೇಗಿದ್ದಾರೆ ಎಂದು ಕೇಳುವುದು ವಾಡಿಕೆ. ಇಂದು ಸಂಜೆ ಫೋನ್ ಮಾಡಿ, ನೋಡಿಕೊಳ್ಳುತ್ತಿರುವವರ ಹೆಸರು ಹಿಡಿದು ಅವರು ಹೇಗಿದ್ದಾರೆ ಎಂದು ಕೇಳಿ. ಬಳಿಕ ಈ ವಾರ ಯಾವ ದಿನ, ಎಷ್ಟು ಹೊತ್ತಿಗೆ ನಾನು ಬಂದು ಕೂರಲಿ ಎಂದು ಕೇಳಿ, ಅವರು ಹೇಳಿದ ಹೊತ್ತಿಗೆ ಹೋಗಿ.